ವೃಷಭೇಂದ್ರಪ್ಪನವರ ಕಾರಿಗೆ ದೊಡ್ಡ ಗಂಟಲು

ಜಯಲಕ್ಷ್ಮಿಪುರಂನ ವೃಷಭೇಂದ್ರಪ್ಪನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅಷ್ಟು ವರ್ಷ ಊರೂರು ಅಲೆದು, ಕಂಡ ಕಂಡ ಅಂಗಡಿಯ ತಕ್ಕಡಿ ಎತ್ತಿ ಇಳಿಸಿ ಅವರು ಕಲಿತದ್ದು ಒಂದೇ ಪಾಠ: ಲೋಕದಲ್ಲಿ ಏನೇ ಕೆಟ್ಟರೂ ಅದಕ್ಕೆ ಕಾರಣ ಎಲ್ಲೋ ಯಾರೋ ಅಳತೆಯಲ್ಲಿ ಕಡಿಮೆ ಕೊಟ್ಟಿರುವುದು. ಸಾರು ನೀರಾದರೆ ಬೇಳೆ ಅಂಗಡಿಯವನ ತೂಕದ ಬಟ್ಟು ಸುಳ್ಳು. ಅಂಗಿ ಬಿಗಿಯಾದರೆ ದರ್ಜಿಯ ಟೇಪು ಸುಳ್ಳು. ತಮ್ಮ ಹೊಟ್ಟೆಯೇ ಬೆಳೆದಿರಬಹುದು ಎಂಬ ಸಾಧ್ಯತೆ ಅವರು ಓದಿದ ಯಾವ ಕಾಯಿದೆಯಲ್ಲೂ ಇರಲಿಲ್ಲ.

ನಿವೃತ್ತಿಯ ದಿನ ಹಾರ, ಶಾಲುಗಳ ಜೊತೆಗೆ ಅವರು ಮನೆಗೆ ತಂದದ್ದು ಒಂದು ಉಕ್ಕಿನ ಕ್ಯಾಲಿಪರು ಮತ್ತು ಸವೆದುಹೋಯಿತೆಂದು ಇಲಾಖೆಯೇ ಬಿಸಾಡಿದ್ದ ಒಂದು ಮೊಹರು. ಮೋಸದ ಬಟ್ಟುಗಳ ಮೇಲೆ 'ತಿರಸ್ಕೃತ' ಎಂದು ಗುದ್ದುವ ಮೊಹರು ಅದು. ಇವೆರಡಕ್ಕಿಂತ ಮೊದಲೇ ಅವರಿಗೆ ಒಂದು ಕಪ್ಪು ಉಗುರೂ ಬಂದಿತ್ತು. ಸಂತೆಯಲ್ಲಿ ಯಾರನ್ನೋ ಗದರಿಸುವ ಭರದಲ್ಲಿ ಐದು ಕಿಲೋ ಬಟ್ಟನ್ನು ತಮ್ಮ ಬಲಗಾಲಿನ ಹೆಬ್ಬೆರಳ ಮೇಲೇ ಬೀಳಿಸಿಕೊಂಡಿದ್ದರು. ಆ ಬಟ್ಟು ಮಾತ್ರ ತೂಕದಲ್ಲಿ ಸರಿಯಾಗಿತ್ತಂತೆ. ಅಂದಿನಿಂದ ಇಪ್ಪತ್ತು ವರ್ಷ ಅವರ ಹೆಂಡತಿ ದಾಕ್ಷಾಯಣಮ್ಮನವರು ಆ ಉಗುರಿಗೆ ಹರಳೆಣ್ಣೆ ಹಚ್ಚುತ್ತಲೇ ಬಂದಿದ್ದರು.

ನಿವೃತ್ತರಾದವರು ಕೆಲವರು ವಾಕಿಂಗ್ ಹೋಗುತ್ತಾರೆ, ಕೆಲವರು ವಚನ ಓದುತ್ತಾರೆ. ವೃಷಭೇಂದ್ರಪ್ಪನವರು ಹರಾಜಿನಲ್ಲಿ ಒಂದು ಹಳೆಯ ಬಿಳಿ ಅಂಬಾಸಿಡರ್ ಹಿಡಿದರು. ಗಾಡಿ ಗಟ್ಟಿಯಾಗಿತ್ತು. ಮುಂದಿನ ಸೀಟು ಮನೆಯ ಸೋಫಾದಂತೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದ. ಒಂದೇ ಕೊರತೆಯೆಂದರೆ ಡ್ರೈವರ್ ಕಡೆಯ ಬಾಗಿಲು ಜಾಮ್ ಆಗಿತ್ತು. ಹತ್ತುವಾಗ ಎಡಗಡೆಯಿಂದ ಹತ್ತಿ ಸೀಟಿನ ಮೇಲೆ ಜಾರಿಕೊಂಡು ಸ್ಟಿಯರಿಂಗಿನ ಮುಂದೆ ಹೋಗಬೇಕು, ಇಳಿಯುವಾಗಲೂ ಹಾಗೆಯೇ ಜಾರಿ ಎಡಗಡೆಗೇ ಇಳಿಯಬೇಕು. ಅವರು ಅದನ್ನು ರಿಪೇರಿ ಮಾಡಿಸಲಿಲ್ಲ. ಬಾಗಿಲಿಗೆ ಅಳತೆಯಿಲ್ಲವಾದ್ದರಿಂದ ಅದರಲ್ಲಿ ಅವರಿಗೆ ಆಸಕ್ತಿಯೂ ಇರಲಿಲ್ಲ.

ಇದು ೧೯೯೬ರ ಮಾತು. ಆ ವರ್ಷ ಶ್ರೀರಾಂಪುರದಲ್ಲಿ ಅವರ ಸಮಾಜದ ಹೊಸ ಸಮುದಾಯ ಭವನ ಎದ್ದು ನಿಂತಿತ್ತು. ಉದ್ಘಾಟನೆಗೆ ಕಲ್ಲುಕಟ್ಟೆ ಮಠದ ಸ್ವಾಮಿಗಳಾದ ಬುದ್ಧಿಯವರು ಬರುವುದೆಂದು ಗೊತ್ತಾಯಿತು. ಬುದ್ಧಿಯವರನ್ನು ಯಾರ ಕಾರಿನಲ್ಲಿ ಕರೆತರಬೇಕು ಎಂಬ ವಿಷಯಕ್ಕೆ ಸಮಿತಿ ಎರಡು ಸಭೆ ಸೇರಿತು. ಭವನದ ಪಾಯ ಎಷ್ಟು ಆಳ ಇರಬೇಕು ಎನ್ನುವುದಕ್ಕೆ ಒಂದೇ ಸಭೆ ಸಾಕಾಗಿತ್ತು. ಆದರೆ ಕಾರಿನ ವಿಷಯ ಹಾಗಲ್ಲ, ಏಕೆಂದರೆ ಯಾರ ಕಾರಿನಲ್ಲಿ ಬುದ್ಧಿಯವರು ಬರುತ್ತಾರೋ ಆ ದಂಪತಿಗಳಿಗೇ ಪ್ರಥಮ ಪಾದಪೂಜೆಯ ಭಾಗ್ಯ ಎಂದು ಸಮಿತಿ ತೀರ್ಮಾನಿಸಿತ್ತು. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಸಮಿತಿಯ ನಡಾವಳಿ ಪುಸ್ತಕದಲ್ಲಿದೆ.

ಸ್ಪರ್ಧೆಯಲ್ಲಿದ್ದವರು ಇಬ್ಬರೇ. ಒಬ್ಬರು ವೃಷಭೇಂದ್ರಪ್ಪನವರು. ಇನ್ನೊಬ್ಬ ಅವರ ಷಡ್ಡಕ, ಅಂದರೆ ದಾಕ್ಷಾಯಣಮ್ಮನವರ ತಂಗಿ ಸುಷ್ಮಾಳ ಗಂಡ ಮಹೇಶ್. ಅವನ ಹತ್ತಿರ ಹೊಸ ಕೆಂಪು ಮಾರುತಿ ಇತ್ತು. ಅದರ ಸೀಟುಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅವನು ಎರಡು ವರ್ಷವಾದರೂ ತೆಗೆದಿರಲಿಲ್ಲ. ತೆಗೆದರೆ ಗಾಡಿ ಹಳೆಯದಾಗಿಬಿಡುತ್ತದಲ್ಲ!

"ಬುದ್ಧಿಯೋರಿಗೆ ಮಂಡಿನೋವು ಕಣ್ರಪ್ಪಾ," ಎಂದು ಸಮಿತಿಯ ಅಧ್ಯಕ್ಷ ಸಿದ್ದಲಿಂಗಸ್ವಾಮಿಯವರು ಸಭೆಗೆ ತಿಳಿಸಿದರು. "ಆರಡಿ ಆಳು. ಮಹೇಶನ ಗಾಡಿಯೊಳಗೆ ಕೂರ್ಬೇಕು ಅಂದ್ರೆ ಮಡಚಿ ಇಡ್ಬೇಕು. ವೃಷಭೇಂದ್ರಪ್ಪನವರ ಅಂಬಾಸಿಡರ್ರೇ ಸರಿ."

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ವೃಷಭೇಂದ್ರಪ್ಪನವರು ಏನೂ ಮಾಡದೆಯೇ ಗೆದ್ದಿದ್ದರು. ಏನೂ ಮಾಡದೆ ಗೆದ್ದವನು ಏನೂ ಮಾಡದೆ ಮನೆಗೆ ಹೋಗಿ ಮಲಗುವುದು ಬುದ್ಧಿವಂತಿಕೆ. ಆದರೆ ಆಗ ಮಹೇಶ್ ಬಾಯಿ ತೆಗೆದ.

"ನಂದೇನೂ ಅಭ್ಯಂತರ ಇಲ್ಲ ಸಾರ್. ಆದ್ರೆ ಅಣ್ಣನ ಗಾಡಿ ಚಾಮುಂಡಿ ಬೆಟ್ಟ ಹತ್ತೋವಾಗ ಅರ್ಧಕ್ಕೇ ನಿಂತ್ಕೊಂಡು ಏದುಸಿರು ಬಿಡುತ್ತೆ. ಹೋದ ಆಷಾಢದಲ್ಲಿ ನಾವೆಲ್ಲ ದರ್ಶನ ಮುಗಿಸ್ಕೊಂಡು ಇಳೀತಿದ್ರೆ, ಅಣ್ಣಾವ್ರು ಇನ್ನೂ ರಸ್ತೆ ಪಕ್ಕ ಬಾನೆಟ್ ತೆಗೆದು ಅದಕ್ಕೆ ಗಾಳಿ ಬೀಸ್ತಾ ಇದ್ರು."

ಸಭೆಯೆಲ್ಲ ನಕ್ಕಿತು. ನಡಾವಳಿ ಬರೆಯುತ್ತಿದ್ದ ಗುಮಾಸ್ತನೂ ನಕ್ಕ. ನಗು ನಡಾವಳಿಯಲ್ಲಿ ದಾಖಲಾಗಲಿಲ್ಲ, ವೃಷಭೇಂದ್ರಪ್ಪನವರ ಎದೆಯಲ್ಲಿ ದಾಖಲಾಯಿತು.

ಮರುದಿನ ಬೆಳಿಗ್ಗೆ ಅವರು ಬಾನೆಟ್ ಎತ್ತಿ, ಕ್ಯಾಲಿಪರು ಹಿಡಿದು ತನಿಖೆಗೆ ಕೂತರು. ರೇಡಿಯೇಟರ್ ಅಳೆದರು, ಬ್ಯಾಟರಿ ಅಳೆದರು, ಫ್ಯಾನಿನ ರೆಕ್ಕೆ ಅಳೆದರು. ಕೊನೆಗೆ ಗಾಳಿ ಮತ್ತು ಪೆಟ್ರೋಲನ್ನು ಬೆರೆಸಿ ಎಂಜಿನ್ನಿಗೆ ಉಣಿಸುವ ಕಾರ್ಬುರೇಟರಿನ ಬಾಯಿಗೆ ಕ್ಯಾಲಿಪರು ಇಟ್ಟರು. ಇಪ್ಪತ್ತೆಂಟು ಮಿಲಿಮೀಟರ್.

"ದಾಕ್ಷಾಯಣೀ!" ಎಂದು ಅವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು. "ಕಳ್ಳ ಸಿಕ್ಕಿಬಿದ್ದ ಕಣೇ! ಇಷ್ಟು ದೊಡ್ಡ ಗಾಡಿ, ಇಷ್ಟು ದಪ್ಪ ಎಂಜಿನ್ನು, ಗಂಟಲು ಮಾತ್ರ ನಾಲ್ಕಾಣೆ ಅಗಲ. ಎಮ್ಮೆಗೆ ಮಗುವಿಗೆ ಹಾಲು ಕುಡಿಸೋ ಒಳಲೆಯಲ್ಲಿ ಬೂಸಾ ಕುಡಿಸಿದ್ರೆ ಹಾಲು ಎಲ್ಲಿಂದ ಬರ್ಬೇಕು?"

"ಎಮ್ಮೆ ಹಾಗಿರ್ಲಿ, ಪಾದಪೂಜೆಗೆ ಹಿತ್ತಾಳೆ ತಟ್ಟೆ ತೊಳೀಬೇಕು, ಹುಣಸೇಹಣ್ಣು ತಂದುಕೊಡಿ," ಎಂದರು ದಾಕ್ಷಾಯಣಮ್ಮ. ಆಕೆಗೆ ಈ ಪಾದಪೂಜೆ ಸಣ್ಣ ವಿಷಯವಾಗಿರಲಿಲ್ಲ. ತವರುಮನೆಗೆ ಮೂರು ಸಲ ಬುದ್ಧಿಯವರು ಬಂದಾಗಲೂ ದೊಡ್ಡವರು, ಗಂಡಸರು, ಸಾಲ ಕೊಟ್ಟವರು ಎಲ್ಲರೂ ಮುಂದೆ ನಿಂತು, ಇವರಿಗೆ ಸಿಕ್ಕಿದ್ದು ದೂರದಿಂದ ಕೈ ಮುಗಿಯುವ ಅವಕಾಶ ಮಾತ್ರ. ಈಗ ಐದುನೂರು ಜನರ ಮುಂದೆ ಮೊದಲ ಹಾಲು ತಮ್ಮ ಕೈಯದೇ ಬೀಳಬೇಕು ಎಂದು ಆಕೆ, ಬುದ್ಧಿಯವರು ಬರುವ ಸುದ್ದಿ ಕೇಳಿದಾಗಿನಿಂದಲೇ, ಇಪ್ಪತ್ತೊಂದು ಸೋಮವಾರದ ಒಪ್ಪೊತ್ತು ಹಿಡಿದಿದ್ದರು. ಹೊಸ ರೇಷ್ಮೆ ಸೀರೆ ತೆಗೆದಿಟ್ಟಿದ್ದರು. ತಂಗಿ ಸುಷ್ಮಾಳಿಗೆ ದಿನಾ ಫೋನು ಮಾಡಿ ಆ ಸೀರೆಯ ಅಂಚಿನ ಬಣ್ಣ ಹೇಳುತ್ತಿದ್ದರು.

ಅಗ್ರಹಾರದ ಹತ್ತಿರ ಗ್ಯಾರೇಜಿಟ್ಟಿದ್ದ ಮಂಟೇಸ್ವಾಮಿ ಅಂಬಾಸಿಡರುಗಳ ಬಸಿರು ಬಾಣಂತನ ಎಲ್ಲ ಬಲ್ಲವನು. ವೃಷಭೇಂದ್ರಪ್ಪನವರು ಗಾಡಿಯನ್ನು ಅವನ ಮುಂದೆ ನಿಲ್ಲಿಸಿ, ಇದಕ್ಕೆ ದೊಡ್ಡ ಕಾರ್ಬುರೇಟರ್ ಹಾಕಬೇಕು ಎಂದರು.

"ಯಾಕ್ ಸ್ವಾಮಿ? ಅಂಗೇ ಚೆನ್ನಾಗದೆ ಬುಡಿ," ಎಂದ ಮಂಟೇಸ್ವಾಮಿ. "ಬೆಟ್ಟ ಹತ್ತಕ್ಕಿಲ್ಲ ಅಂದ್ರೆ ವಾಲ್ವ್ ಸವೆದವೆ. ಅದ್ನ ಮಾಡ್ಸಿ. ಅದಕ್ಕೂ ಮೊದ್ಲು ಆ ಬಾಗಿಲು ರಿಪೇರಿ ಮಾಡುಸ್ಕಳಿ."

"ಬಾಗಿಲಿಗೂ ಎಂಜಿನ್ ಶಕ್ತಿಗೂ ಏನಯ್ಯ ಸಂಬಂಧ? ದೊಡ್ಡ ಬಾಯಿ ಇದ್ರೆ ಜಾಸ್ತಿ ಗಾಳಿ, ಜಾಸ್ತಿ ಗಾಳಿ ಅಂದ್ರೆ ಜಾಸ್ತಿ ಶಕ್ತಿ. ಇದು ಲೆಕ್ಕ."

ಮಂಟೇಸ್ವಾಮಿ ಕೈಯೊರೆಸಿಕೊಂಡು ನಿಧಾನವಾಗಿ ಹೇಳಿದ. "ಸ್ವಾಮಿ, ನಿಮ್ಮನೇಲಿ ಊದುಗೊಳವೆ ಕಂಡಿದ್ದೀರಾ? ಒಲೆ ಊದೋದು? ಅದ್ರ ತೂತು ಎಷ್ಟದೆ? ಕಿರುಬೆರಳಷ್ಟು. ಸಣ್ಣ ತೂತಿಂದ ಉಸಿರು ರಭಸವಾಗಿ ಹೋಯ್ತದೆ, ಕೆಂಡ ಹತ್ಕತದೆ. ಅದೇ ಉಸಿರ್ನ ಬಿಂದಿಗೆ ಬಾಯಿಂದ ಊದಿ ನೋಡುವ? ಕಾರ್ಬೇಟರೂ ಅಂಗೇಯ. ಗಾಳಿ ಇಕ್ಕಟ್ಟಲ್ಲಿ ರಭಸವಾಗಿ ನುಗ್ಗಿದ್ರೇನೇ ಪೆಟ್ರೋಲ್ನ ಎಳ್ಕಂಡು ಹೊಗೆ ಥರ ಮಾಡೋದು. ಬಾಯಿ ಅಗಲ ಮಾಡುದ್ರೆ ಗಾಳಿ ಸೋಮಾರಿ ಆಯ್ತದೆ. ಪೆಟ್ರೋಲ್ ಹನಿಹನಿಯಾಗಿ ಬೀಳ್ತದೆ. ಎಂಜಿನ್ನು ಕಿರಿಚ್ಕಂಡು ಓಡ್ವಾಗ ಜೋರಾಗ್ ಎಳೀತದೆ, ಸರಿ. ನಿಧಾನ ಮಾಡುದ್ರೋ, ಕೆಮ್ಮಿ ಸಾಯ್ತದೆ. ಎಂಜಿನ್ನಿಗೆ ತಕ್ಕ ಗಂಟಲು ಇರ್ಬೇಕು ಸ್ವಾಮಿ."

ವೃಷಭೇಂದ್ರಪ್ಪನವರು ಈ ಉಪನ್ಯಾಸವನ್ನು ಅರ್ಧ ಕೇಳಿದರು. 'ಜೋರಾಗಿ ಎಳೀತದೆ' ಎಂಬಲ್ಲಿಗೆ ಅವರ ಕಿವಿ ಬಾಗಿಲು ಹಾಕಿಕೊಂಡಿತು. "ಅಂದ್ರೆ ಎಳೆಯುತ್ತೆ ಅಂತ ನೀನೇ ಒಪ್ಪಿಕೊಂಡೆಯಲ್ಲ!" ಎಂದು ಎದ್ದರು.

"ನಾ ಮಾತ್ರ ಹಾಕಿಕೊಡಕ್ಕಿಲ್ಲ," ಎಂದ ಮಂಟೇಸ್ವಾಮಿ. ಲೋಕದಲ್ಲಿ ಬುದ್ಧಿ ಹೇಳುವವನಿಗಿಂತ ಸಾಮಾನು ಮಾರುವವನು ಬೇಗ ಸಿಗುತ್ತಾನೆ. ಮಂಡಿ ಮೊಹಲ್ಲಾದಲ್ಲಿ ಗುಜರಿ ಇಟ್ಟಿದ್ದ ಬೀರಯ್ಯ ಹಳೆಯ ಟೈರುಗಳ ರಾಶಿಯೊಳಗೆ ಕೈ ಹಾಕಿ, ಮಗುವಿನ ತಲೆಯಷ್ಟು ದಪ್ಪದ ಒಂದು ಕಾರ್ಬುರೇಟರ್ ಎಳೆದು ಕೊಟ್ಟ.

"ಫಾರಿನ್ ಮಾಲು ಸಾರ್. ಎಂಟು ಸಿಲಿಂಡರ್ ಗಾಡೀದು. ಯಾವುದೋ ಜಮೀನ್ದಾರ್ರ ಮನೇದಂತೆ."

ವೃಷಭೇಂದ್ರಪ್ಪನವರು ಕ್ಯಾಲಿಪರು ಇಟ್ಟರು. ನಲವತ್ತೆರಡು ಮಿಲಿಮೀಟರ್! ಅವರ ಕಣ್ಣಲ್ಲಿ ನೀರು ಬಂತು. ಸೇವಾವಧಿಯಲ್ಲೆಲ್ಲ ಅಳತೆಗಿಂತ ಕಡಿಮೆ ಇದ್ದದ್ದನ್ನೇ ಕಂಡ ಮನುಷ್ಯ, ಜೀವನದಲ್ಲಿ ಮೊದಲ ಬಾರಿಗೆ ಜಾಸ್ತಿ ಇರುವುದನ್ನು ಕಂಡಿದ್ದರು. "ನಮ್ಮದು ನಾಲ್ಕೇ ಸಿಲಿಂಡರ್. ಎಂಟು ಜನರ ಊಟ ನಾಲ್ಕು ಜನಕ್ಕೆ! ತಲಾ ಎರಡೆಲೆ!" ಎಂದು ಲೆಕ್ಕ ಹಾಕಿದರು. ಎರಡೆಲೆ ಉಂಡವನು ಏಳಲಾರದೆ ಗೋಡೆಗೆ ಒರಗುತ್ತಾನೆ ಎನ್ನುವುದನ್ನು ಅವರು ಮದುವೆ ಮನೆಗಳಲ್ಲಿ ಕಂಡಿರಲಿಲ್ಲವೇ? ಕಂಡಿದ್ದರು. ಹಾಗೆ ಒರಗಿದವರಲ್ಲಿ ಅವರೂ ಒಬ್ಬರು.

ಅದು ಕೂರಲೆಂದು ಲೇತಿನವನಿಂದ ಒಂದು ತಗಡಿನ ತಟ್ಟೆ ಮಾಡಿಸಿ, ಬೀರಯ್ಯನ ಕಡೆಯವರಿಂದಲೇ ಹಾಕಿಸಿದ್ದಾಯಿತು. ಬಿಚ್ಚಿದ ಹಳೆಯ ಕಾರ್ಬುರೇಟರನ್ನು ಅವರು ಮನೆಗೆ ತಂದು, ಹಿತ್ತಲಿನ ಕಲ್ಲಿನ ಮೇಲಿಟ್ಟು, ಆ ಸವೆದ ಮೊಹರನ್ನು ಅದರ ನೆತ್ತಿಗೆ ಹಿಡಿದು ಸುತ್ತಿಗೆಯಿಂದ ಒಂದು ಏಟು ಹಾಕಿದರು. ತಿರಸ್ಕೃತ. ನಿವೃತ್ತಿಯ ನಂತರ ಅಂಥ ನೆಮ್ಮದಿ ಅವರಿಗೆ ಸಿಕ್ಕಿರಲಿಲ್ಲ.

ಪರೀಕ್ಷೆಗೆ ನಂಜನಗೂಡು ರಸ್ತೆಗೆ ಹೋದರು. ಊರೊಳಗೆ ಗಾಡಿ ಎರಡು ಮೂರು ಕಡೆ ಕೆಮ್ಮಿತು, ಒಂದು ಸಿಗ್ನಲ್ಲಿನಲ್ಲಿ ನಿಂತೂ ಹೋಯಿತು. 'ಹೊಸ ಸೊಸೆ, ಹೊಂದಿಕೊಳ್ಳಬೇಕು' ಎಂದುಕೊಂಡರು. ಆದರೆ ಊರು ದಾಟಿ ರಸ್ತೆ ಖಾಲಿಯಾಗಿ ಕಾಲು ಪೂರ್ತಿ ಅದುಮಿದ ಕೂಡಲೇ ಗಾಡಿ ಕೂಗಿಕೊಂಡು ಹಾರಿತು. ಸುಳ್ಳು ಹೇಳಬಾರದು, ನಿಜವಾಗಿಯೂ ಹಾರಿತು. ಪುಣ್ಯಕ್ಕೋ ಪಾಪಕ್ಕೋ ಅದೇ ರಸ್ತೆಯಲ್ಲಿ ಮಹೇಶ್ ಸುಷ್ಮಾಳನ್ನು ನಂಜುಂಡೇಶ್ವರನ ದರ್ಶನಕ್ಕೆ ಕರೆದೊಯ್ಯುತ್ತಿದ್ದ. ಬಿಳಿ ಅಂಬಾಸಿಡರ್ ಕೆಂಪು ಮಾರುತಿಯನ್ನು ಹಾರನ್ ಹೊಡೆದು ಹಿಂದೆ ಹಾಕಿತು. ಒಂದು ಸಲ ಸಾಲದೆಂದು ವೃಷಭೇಂದ್ರಪ್ಪನವರು ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಹಿಂದೆ ಹಾಕಿದರು.

ಅಂದಿನಿಂದ ಉದ್ಘಾಟನೆಯವರೆಗೆ ಜಯಲಕ್ಷ್ಮಿಪುರಂನಲ್ಲಿ ಯಾರೂ ಅವರ ಮನೆಯ ಮುಂದೆ ನೆಮ್ಮದಿಯಾಗಿ ನಡೆಯುವಂತಿರಲಿಲ್ಲ. ಹಾಲಿನವನಿಗೂ ನಲವತ್ತೆರಡು ಮಿಲಿಮೀಟರ್ ತೋರಿಸಿದರು. ಹಾಲಿನವನು ಅವರನ್ನು ಕಂಡರೆ ಮೊದಲೇ ಹೆದರುತ್ತಿದ್ದ. ತನ್ನ ಲೀಟರಿನ ಬಗ್ಗೆಯೇ ಮಾತೆಂದು ತಿಳಿದು ಮರುದಿನದಿಂದ ಒಂದು ಕುಡಿತೆ ಜಾಸ್ತಿ ಹಾಕತೊಡಗಿದ. ದೊಡ್ಡ ಕಾರ್ಬುರೇಟರಿನಿಂದ ಲೋಕಕ್ಕೆ ಆದ ಉಪಕಾರ ಇದೊಂದೇ.

ಆ ದಿನ ಬಂತು. ಲಕ್ಷ್ಮೀಪುರಂನ ಭಕ್ತರೊಬ್ಬರ ಮನೆಯಲ್ಲಿ ಬುದ್ಧಿಯವರ ಬಿಡಾರ. ಅಲ್ಲಿಂದ ಶ್ರೀರಾಂಪುರ ಶುರುವಾಗುವಲ್ಲಿಗೆ ಕಾರು, ಅಲ್ಲಿಂದ ಭವನದವರೆಗೆ ಅದೇ ಕಾರಿನಲ್ಲಿ ಸುಮಾರು ಒಂದು ಕಿಲೋಮೀಟರ್ ಮೆರವಣಿಗೆ. ಗುರುಗಳು ಕೂತ ಗಾಡಿಯನ್ನು ಚಪ್ಪಲಿ ಮೆಟ್ಟಿ ಓಡಿಸಬಾರದೆಂದು ವೃಷಭೇಂದ್ರಪ್ಪನವರು ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಎಡಗಡೆಯಿಂದ ಹತ್ತಿ, ಜಾರಿ, ಸ್ಟಿಯರಿಂಗ್ ಹಿಡಿದರು. ಬುದ್ಧಿಯವರು ಮರದ ಆವುಗೆ ಬಿಟ್ಟು ಕಾಲ ಬಳಿ ಇಟ್ಟುಕೊಂಡು ಮುಂದಿನ ಸೀಟಿನಲ್ಲೇ ಕೂತರು. ಗಾಡಿ ಹೊರಟಿತು, ಹಾರಿತು, ಅರಮನೆ ಕಡೆಯ ಗಾಳಿಯನ್ನೆಲ್ಲ ಕುಡಿದುಕೊಂಡು ಓಡಿತು.

"ಗಾಡಿ ಜೋರಾಗಿದೆಯಲ್ಲಪ್ಪ," ಎಂದರು ಬುದ್ಧಿಯವರು, ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ನಲವತ್ತೆರಡು ಮಿಲಿಮೀಟರ್ ಬುದ್ಧೀ!" ಎಂದರು ವೃಷಭೇಂದ್ರಪ್ಪನವರು.

ಶ್ರೀರಾಂಪುರದ ಬಾಯಲ್ಲಿ ಮೆರವಣಿಗೆ ಕಾದಿತ್ತು. ಮುಂದೆ ನಂದಿಧ್ವಜ ಹೊತ್ತವರು, ಅವರ ಹಿಂದೆ ಕರಡೆ ಬಡಿಯುವವರು, ಕತ್ತಿ ಹಿಡಿದ ವೀರಗಾಸೆಯ ತಂಡ, ಆಮೇಲೆ ಕಾರು, ಕಾರಿನ ಹಿಂದೆ ಸಿದ್ದಲಿಂಗಸ್ವಾಮಿಯವರ ನಾಯಕತ್ವದಲ್ಲಿ ಸಮಾಜ, ಸಮಾಜದ ಹಿಂದೆ ಬೇಕೆಂದೇ ಹೊಳೆಹೊಳೆಯುವಂತೆ ತೊಳೆಸಿ ತಂದ ಮಹೇಶನ ಕೆಂಪು ಮಾರುತಿ. ನಂದಿಧ್ವಜ ಹತ್ತು ಹೆಜ್ಜೆ ಇಟ್ಟು ನಿಲ್ಲುತ್ತದೆ, ಕುಣಿಯುತ್ತದೆ, ಮತ್ತೆ ಹತ್ತು ಹೆಜ್ಜೆ ಇಡುತ್ತದೆ. ಅದರ ಹಿಂದಿನ ಕಾರೂ ಹಾಗೆಯೇ ಇರುವೆ ಹರಿದಂತೆ ಹರಿಯಬೇಕು. ಇಪ್ಪತ್ತೆಂಟು ಮಿಲಿಮೀಟರಿನ ಗಂಟಲಿಗೆ ಇದು ನೀರು ಕುಡಿದಷ್ಟು ಸುಲಭ.

ವೃಷಭೇಂದ್ರಪ್ಪನವರು ಕಾಲು ಸಡಿಲಿಸಿದರು. ಗಾಡಿ ಮೊದಲು ನಡುಗಿತು, ಆಮೇಲೆ ಕೆಮ್ಮಿತು, ಆಮೇಲೆ ಸತ್ತಿತು. ಸ್ಟಾರ್ಟ್ ಮಾಡಿದರು. ಕಾಲು ಅದುಮಿದರೆ ಮುಂದಿದ್ದ ವೀರಗಾಸೆಯವನ ಬೆನ್ನಿಗೆ ಬಂಪರು ತಾಗುತ್ತದೆ, ಸಡಿಲಿಸಿದರೆ ಪ್ರಾಣ ಹೋಗುತ್ತದೆ. ಬ್ರೇಕು, ಕ್ಲಚ್ಚು, ಆಕ್ಸಿಲೇಟರು ಮೂರಕ್ಕೆ ಎರಡೇ ಕಾಲು ಕೊಟ್ಟ ದೇವರ ಅಳತೆಯ ಬಗ್ಗೆಯೂ ಅವರಿಗೆ ಆಗ ಅನುಮಾನ ಬಂತು. ಎಂಜಿನ್ನು ನಿಂತಲ್ಲೇ ಕಿರುಚಿತು. ಹಿಂದಿನಿಂದ ಕಪ್ಪು ಹೊಗೆ ಎದ್ದು ಸಮಾಜದ ಬಿಳಿ ಪಂಚೆಗಳ ಮೇಲೆ ಕೂತಿತು.

ವೀರಗಾಸೆಯ ಮುಖ್ಯಸ್ಥ ಕತ್ತಿ ಎತ್ತಿ ದಕ್ಷಯಜ್ಞದ ಕಥೆ ಹೇಳುವ ಒಡಪು ಶುರು ಮಾಡಿದ. "ಆಹಾ ವೀರ! ಆಹಾ ರುದ್ರ!" ಎಂದು ಅವನು ಒಡಪು ಮುಗಿಸಿ ಕರಡೆಯ ಪೆಟ್ಟಿಗೆ ಕಾಯಬೇಕು, ಅಷ್ಟರಲ್ಲಿ ಕಾರಿನ ಹೊಗೆ ಕೊಳವೆ 'ಢಂ' ಎಂದಿತು. ತಂಡ ತಪ್ಪು ತಾಳಕ್ಕೆ ಹೆಜ್ಜೆ ಹಾಕಿತು. ಎರಡನೆಯ ಒಡಪಿಗೂ ಢಂ. ಮೂರನೆಯದಕ್ಕೆ ಕರಡೆಯವನೇ ಕೈ ಕಟ್ಟಿ ನಿಂತ.

"ಬಡಿಯೋ!" ಎಂದ ಮುಖ್ಯಸ್ಥ.

"ನಾನ್ಯಾಕ್ ಬಡೀಲಿ? ಕಾರೇ ಬಡೀತಾ ಅದಲ್ಲ. ಸಂಭಾವ್ನೆನೂ ಅದ್ಕೇ ಕೊಡ್ಲಿ," ಎಂದ ಕರಡೆಯವನು.

ನಾಲ್ಕನೆಯ ಢಂಗೆ ನಂದಿಧ್ವಜ ಹೊತ್ತವನು ಬೆಚ್ಚಿಬಿದ್ದ. ಕಂಬ ವಾಲಿತು. ಹತ್ತು ಜನ ಓಡಿಬಂದು ಹಿಡಿದು ನಿಲ್ಲಿಸಿದರು. ಸಿದ್ದಲಿಂಗಸ್ವಾಮಿಯವರು ಮಸಿ ಹಿಡಿದ ಮುಖದಲ್ಲಿ ಕಿಟಕಿಯ ಬಳಿ ಬಂದರು.

"ಏನ್ರೀ ವೃಷಭೇಂದ್ರಪ್ಪನೋರೇ, ಇದು ಮೆರವಣಿಗೇನೋ ಯುದ್ಧಾನೋ?"

"ಸ್ವಲ್ಪ ಜೋರಾಗಿ ನಡೀಲಿ ಅನ್ನಿ ಸಾರ್! ಮೆರವಣಿಗೆ ತುಂಬಾ ನಿಧಾನ ಆಯ್ತು!"

"ನಂದಿಧ್ವಜ ಓಡ್ಸೋಕಾಗುತ್ತೇನ್ರೀ?"

ಗಾಡಿ ಐದನೆಯ ಸಲ ಸತ್ತಿತು. ಈ ಸಲ ಕಾರಿನೊಳಗೆಲ್ಲ ಪೆಟ್ರೋಲು ವಾಸನೆ. ಬುದ್ಧಿಯವರು ಕಾವಿಯ ಸೆರಗನ್ನು ಮೂಗಿಗೆ ಹಿಡಿದುಕೊಂಡರು. ಇದನ್ನೇ ಕಾಯುತ್ತಿದ್ದ ಮಹೇಶ್ ಜನರನ್ನು ಸೀಳಿಕೊಂಡು ಮಾರುತಿಯನ್ನು ಪಕ್ಕಕ್ಕೆ ತಂದು ಬಾಗಿಲು ತೆಗೆದು ನಿಂತ. "ದಯಮಾಡಿಸ್ಬೇಕು ಬುದ್ಧಿ. ಹೊಸ ಗಾಡಿ. ಪ್ಲಾಸ್ಟಿಕ್ ಕೂಡ ತೆಗೆದಿಲ್ಲ."

ಬುದ್ಧಿಯವರು ದೊಡ್ಡ ಮನಸ್ಸಿನವರು, ಪ್ರಯತ್ನ ಮಾಡಿದರು. ತಲೆ ಒಳಗೆ ಹೋದರೆ ಮಂಡಿ ಹೊರಗೆ, ಮಂಡಿ ಒಳಗೆ ಹೋದರೆ ರುದ್ರಾಕ್ಷಿ ಕಿರೀಟ ಹೊರಗೆ. ಮಹೇಶ್ ಭಕ್ತಿಯಿಂದ ಸ್ವಲ್ಪ ತಳ್ಳಿಯೂ ನೋಡಿದ. ಪ್ಲಾಸ್ಟಿಕ್ಕಿನ ಮೇಲೆ ರೇಷ್ಮೆ ಕಾವಿ ಜಾರಿ ಗುರುಗಳು ಮೆಲ್ಲಗೆ ಹೊರಗೇ ಬಂದರು. ಈ ಷಡ್ಡಕರಿಬ್ಬರಲ್ಲಿ ಯಾರು ಹೆಚ್ಚು ಮೂರ್ಖರು ಎಂದು ಅಳೆಯುವ ಬಟ್ಟು ಯಾವ ಇಲಾಖೆಯಲ್ಲೂ ಇಲ್ಲ.

ಬುದ್ಧಿಯವರು ಕಾವಿ ಸರಿಪಡಿಸಿಕೊಂಡು ಅಂಬಾಸಿಡರಿನ ಕಿಟಕಿಯೊಳಗೆ ಬಗ್ಗಿ ನೋಡಿದರು. "ಏನಪ್ಪ ವೃಷಭೇಂದ್ರಪ್ಪ, ನಿನ್ನ ಗಾಡಿಗೆ ಓಡೋಕೆ ಬರುತ್ತೆ, ನಡೆಯೋಕೆ ಬರೋದಿಲ್ಲ. ಅಲ್ವೇ?"

"ಹೌದು ಬುದ್ಧಿ."

"ಹಾಗಾದ್ರೆ ನೀನು ಓಡು. ನಾವು ನಡ್ಕೊಂಡು ಬರ್ತೀವಿ."

ಹಾಗೆಂದು ಅವರು ನೋಯುವ ಮಂಡಿಯಲ್ಲಿ, ಬರಿಗಾಲಲ್ಲಿ, ಬಡಾವಣೆಯ ಅರ್ಧ ಹಾಕಿದ ಜಲ್ಲಿ ರಸ್ತೆಯ ಮೇಲೆ ನಡೆಯತೊಡಗಿದರು. ಆವುಗೆ ಕಾರಿನಲ್ಲೇ ಉಳಿಯಿತು. ಅಷ್ಟರಲ್ಲಿ ಬಂದೋಬಸ್ತಿಗೆ ಬಂದಿದ್ದ ಪೇದೆ ದೇವರಾಜು ಬಾನೆಟ್ಟಿಗೆ ಲಾಠಿಯಿಂದ ಕುಟ್ಟಿದ. "ರೋಡ್ ಮಧ್ಯ ಗಾಡಿ ಹಾಕ್ಕೊಂಡು ಏನ್ ಮಾಡ್ತಿದ್ದೀರಿ ಯಜಮಾನ್ರೇ? ಮೆರವಣಿಗೆ ಬರ್ತಾ ಇದೆ, ತೆಗೀರಿ, ತೆಗೀರಿ!" ವೃಷಭೇಂದ್ರಪ್ಪನವರು ಮೆರವಣಿಗೆಯ ಮುಖ್ಯ ಅಂಗ ತಾವೇ ಎಂದು ಹೇಳಹೊರಟು, ಬದಲಿಗೆ ಕೀಲಿ ತಿರುಗಿಸಿದರು. ವೀರಗಾಸೆಯವರು ಕತ್ತಿಗಳನ್ನು ಬಗಲಿಗೆ ಸಿಕ್ಕಿಸಿಕೊಂಡು ಹಿಂದಿನಿಂದ ತಳ್ಳಿದರು. ಗಾಡಿ ಹತ್ತಿಕೊಂಡಿತು. ಇನ್ನು ಕಾಲು ತೆಗೆದರೆ ಮತ್ತೆ ಸಾಯುತ್ತದೆಂದು ಅವರು ಒಂದೇ ಸಮ ಅದುಮಿದರು. ನಂದಿಧ್ವಜ, ಕರಡೆ, ಬರಿಗಾಲ ಬುದ್ಧಿಯವರು ಎಲ್ಲರನ್ನೂ ಹಿಂದೆ ಹಾಕಿ, ಹಾರನ್ ಬಾರಿಸಿಕೊಂಡು ಅಂಬಾಸಿಡರ್ ಭವನದ ಕಡೆ ಹಾರಿತು.

ಭವನದ ಮುಂದೆ ಕಮಾನು, ಬಾಳೆಕಂಬ, ಪೂರ್ಣಕುಂಭ ಹಿಡಿದ ಹೆಂಗಸರು. ದಾಕ್ಷಾಯಣಮ್ಮನವರು ಕಾರು ನಿಲ್ಲುವಲ್ಲಿಗೇ ಮಣೆ ಹಾಕಿ, ಹಿತ್ತಾಳೆ ತಟ್ಟೆ ಇಟ್ಟು, ಹಾಲಿನ ತಂಬಿಗೆ ಹಿಡಿದು ಮಂಡಿಯೂರಿ ಕೂತಿದ್ದರು. ಮೊದಲು ಗುರುವಿನ ಪಾದ ನೋಡಬೇಕು, ಪೂಜೆ ಮುಗಿದ ಮೇಲೆ ಮುಖ ನೋಡಬೇಕು ಎಂದು ಅವರ ಅಜ್ಜಿ ಹೇಳಿಕೊಟ್ಟಿದ್ದರು. ಆದ್ದರಿಂದ ಹಣೆ ಮುಚ್ಚುವಂತೆ ಸೆರಗು ಎಳೆದುಕೊಂಡು ತಟ್ಟೆಯನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಸುಷ್ಮಾ ಹೊಟ್ಟೆಕಿಚ್ಚನ್ನೆಲ್ಲ ನುಂಗಿಕೊಂಡು ಹೂವಿನ ಬುಟ್ಟಿ ಹಿಡಿದಿದ್ದಳು.

"ಬಂತು! ಬುದ್ಧಿಯೋರ ಕಾರು ಬಂತು!"

ಬ್ಯಾಂಡು ಮೊಳಗಿತು. ಜಯಘೋಷ ಎದ್ದಿತು. ಹೂವಿನ ಮಳೆಗೆ ಕಾರಿನ ಗಾಜು ಕಾಣದಾಯಿತು. ಗಾಡಿ ತಟ್ಟೆಯ ಪಕ್ಕಕ್ಕೇ ಬಂದು, ಕೊನೆಯ ಢಂ ಹೊಡೆದು ಸತ್ತಿತು. ಜನ ಅದನ್ನು ಪಟಾಕಿಯೆಂದು ತಿಳಿದು ಚಪ್ಪಾಳೆ ತಟ್ಟಿದರು. ಯಾರೋ ಉತ್ಸಾಹಿ ಎಡಬಾಗಿಲು ತೆಗೆದ.

ಬಲಬಾಗಿಲು ಜಾಮ್. ವೃಷಭೇಂದ್ರಪ್ಪನವರಿಗೆ ಬೇರೆ ದಾರಿ ಇರಲಿಲ್ಲ. ಸೀಟಿನ ಮೇಲೆ ಜಾರಿದರು. "ತಡೀರಿ, ತಡೀರಿ, ನಾನು ಕಣ್ರೀ," ಎಂದು ಅರಚಿದರು. ಬ್ಯಾಂಡಿನವರು ತುತ್ತೂರಿಯ ಕೊನೆಯ ಉಸಿರನ್ನೂ ಬಿಡುವವರಲ್ಲ. ವೃಷಭೇಂದ್ರಪ್ಪನವರ ಮೈ ಇನ್ನೂ ಕಾರಿನೊಳಗಿರುವಾಗಲೇ ಅವರ ಎರಡೂ ಬರಿಗಾಲು ಹೊರಗೆ ಬಂದು, ನೆಲ ಹುಡುಕಿ, ನೇರವಾಗಿ ಹಿತ್ತಾಳೆ ತಟ್ಟೆಯೊಳಗೆ ಇಳಿದವು.

ದಾಕ್ಷಾಯಣಮ್ಮ ಕಣ್ತುಂಬಿ ಹಾಲು ಎರೆದರು. ತುಪ್ಪ, ಜೇನು, ಎಳನೀರು ಎರೆದರು. ಇಪ್ಪತ್ತೊಂದು ಸೋಮವಾರದ ಭಕ್ತಿಯನ್ನೆಲ್ಲ ಎರೆದರು. ಎಡಪಾದಕ್ಕೆ ವಿಭೂತಿ ಹಚ್ಚಿ, ಪತ್ರೆ ಇಟ್ಟು, ಬಲಪಾದಕ್ಕೆ ಕೈ ಹಾಕಿದರು. ಹಾಲು ಸರಿದು ಹೆಬ್ಬೆರಳು ಕಂಡಿತು. ಆ ಬೆರಳ ಮೇಲೆ ಒಂದು ಕಪ್ಪು ಉಗುರು.

ಆಕೆಯ ಕೈ ನಿಂತಿತು. ಇಪ್ಪತ್ತು ವರ್ಷ ಹರಳೆಣ್ಣೆ ಹಚ್ಚಿದ ಉಗುರು. ಅಜ್ಜಿಯ ನೇಮ ಅಲ್ಲಿಗೆ ಮುರಿಯಿತು. ಆಕೆ ಮೆಲ್ಲಗೆ ಸೆರಗು ಸರಿಸಿ, ಪಾದದಿಂದ ಪಂಚೆಗೆ, ಪಂಚೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಮುಖಕ್ಕೆ ನೋಡಿದರು. ಅದೇ ಗಳಿಗೆಗೆ ಫೋಟೋದವನು ಫ್ಲ್ಯಾಶ್ ಹೊಡೆದ. ಬ್ಯಾಂಡು ಒಂದೊಂದೇ ವಾದ್ಯವಾಗಿ ನಿಂತಿತು. ಡೋಲಿನವನು ಮಾತ್ರ ಗೊತ್ತಾಗದೆ ಇನ್ನೆರಡು ಏಟು ಹಾಕಿದ.

"ಬುದ್ಧಿಯೋರೆಲ್ರೀ?" ಎಂದರು ದಾಕ್ಷಾಯಣಮ್ಮ. ದನಿ ತೀರ ಸಣ್ಣಗಿತ್ತು.

"ಹಿಂದೆ ನಡ್ಕೊಂಡು ಬರ್ತಾ ಇದಾರೆ ಕಣೇ."

"ಅಕ್ಕಾ," ಎಂದಳು ಸುಷ್ಮಾ, ತಡೆಯಲಾರದೆ. "ಎಡಗಾಲಿಗೆ ಮಾತ್ರ ವಿಭೂತಿ ಹಚ್ಚಿದ್ದೀಯಲ್ಲ, ಭಾವನವರ ಇನ್ನೊಂದು ಕಾಲಿಗೂ ಹಚ್ಚಿಬುಡು. ಅರ್ಧಕ್ಕೆ ನಿಲ್ಲಿಸ್ಬಾರ್ದಂತೆ."

ಆಗ ಯಾರು ಮೊದಲು ನಕ್ಕರು ಎಂಬುದು ಸಮಾಜದಲ್ಲಿ ಇಂದಿಗೂ ವಾದದಲ್ಲಿದೆ. ಕೊನೆಗೆ ನಕ್ಕವರು ಯಾರೆಂದರೆ, ಯಾರೂ ಇಲ್ಲ, ಇನ್ನೂ ನಗುತ್ತಿದ್ದಾರೆ. ದಾಕ್ಷಾಯಣಮ್ಮ ನಗಲಿಲ್ಲ. ಖಾಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಹಾಲಿನ ಮಡುವಿನಲ್ಲಿ ಎದ್ದು ನಿಂತ ಗಂಡನ ಮುಂದೆ ಅತ್ತುಬಿಟ್ಟರು. ಅಷ್ಟು ಹೊತ್ತಿಗೆ ಮಾತ್ರ ವೃಷಭೇಂದ್ರಪ್ಪನವರಿಗೆ ತಾವು ಏನು ಮಾಡಿದೆವೆಂದು ಹೊಳೆಯಿತು. ತಟ್ಟೆಯಿಂದ ಕಾಲು ತೆಗೆಯುವುದೋ ಬಿಡುವುದೋ ತಿಳಿಯದೆ ನಿಂತೇ ಇದ್ದರು.

ಮುಕ್ಕಾಲು ಗಂಟೆಯ ಮೇಲೆ ಬುದ್ಧಿಯವರು ಕುಂಟುತ್ತ ಬಂದರು. ಪಾದ ಕೆಂಪು ಮಣ್ಣಾಗಿತ್ತು, ಜಲ್ಲಿ ತಾಗಿ ಒಂದು ಕಡೆ ತರಚಿತ್ತು. ಹಾಲಿಲ್ಲ, ತುಪ್ಪವಿಲ್ಲ, ಎಲ್ಲ ಖರ್ಚಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಪುಟ್ಟಲಿಂಗಮ್ಮ ಯಾರನ್ನೂ ಕೇಳದೆ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿಸಿನೀರು ತಂದು, "ಕಾಲು ನೀಡಿ ಬುದ್ಧಿ, ಎಷ್ಟ್ ನೋಯ್ತಾ ಅದೋ ಏನೋ," ಎಂದು ತೊಳೆದಳು. ಸಮಿತಿಯವರು ತಡೆಯಲು ಬಂದರು.

"ಬಿಡ್ರಪ್ಪಾ," ಎಂದರು ಬುದ್ಧಿಯವರು. "ನೀವೆಲ್ಲ ಇಷ್ಟು ದಿನ ತೊಳೆದ ಪಾದಾನೇ ತೊಳೀತಿದ್ರಿ. ಇವತ್ತು ನಿಜವಾಗ್ಲೂ ಕೊಳೆಯಾಗಿದೆ."

ಆದರೆ ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ಪುಟ್ಟಲಿಂಗಮ್ಮನ ಹೆಸರಿರಲಿಲ್ಲ. ಪಟ್ಟಿ ಬಿಟ್ಟು ಒಂದಕ್ಷರ ಓದುವ ಅಭ್ಯಾಸವಿಲ್ಲದ ಸಿದ್ದಲಿಂಗಸ್ವಾಮಿಯವರು ಮೈಕಿನಲ್ಲಿ ಗಂಭೀರವಾಗಿ ಘೋಷಿಸಿದರು: "ಪ್ರಥಮ ಪಾದಪೂಜೆ, ಶ್ರೀ ವೃಷಭೇಂದ್ರಪ್ಪ ದಂಪತಿಗಳು. ಈಗಾಗಲೇ ನೆರವೇರಿದೆ."

ಮೂರನೆಯ ದಿನ ಮಂಟೇಸ್ವಾಮಿ ಮನೆಗೇ ಬಂದು ದೊಡ್ಡ ಗಂಟಲನ್ನು ಬಿಚ್ಚಿ ಪಕ್ಕಕ್ಕಿಟ್ಟ. ಹಿತ್ತಲಿನಿಂದ ತಂದುಕೊಟ್ಟ ಹಳೆಯ ಕಾರ್ಬುರೇಟರನ್ನು ಒರೆಸಿ ಹಾಕಿ, ಸ್ಟಾರ್ಟ್ ಮಾಡಿದ. ಗಾಡಿ ನಿಂತಲ್ಲೇ, ಊಟ ಮಾಡಿ ಮಲಗಿದ ಮಗುವಿನ ಹಾಗೆ, ಸದ್ದಿಲ್ಲದೆ ಉಸಿರಾಡಿತು. ಆಮೇಲೆ ಅವನ ಕಣ್ಣು ಅದರ ನೆತ್ತಿಯ ಮೇಲಿನ ಗುರುತಿಗೆ ಬಿತ್ತು.

"ಇದೇನ್ ಸ್ವಾಮಿ, ಇಷ್ಟು ಒಳ್ಳೇ ಪೀಸ್ ಮೇಲೆ 'ತಿರಸ್ಕೃತ' ಅಂತ ಗುದ್ದವ್ರೆ? ಯಾವನ್ ಮಾಡ್ದ ಈ ಕೆಲಸ?"

ವೃಷಭೇಂದ್ರಪ್ಪನವರು ಬಾನೆಟ್ಟಿನೊಳಗೆ ಏನನ್ನೋ ಹುಡುಕತೊಡಗಿದರು. ಮೂರು ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದ ದಾಕ್ಷಾಯಣಮ್ಮ ಬಾಗಿಲಿಗೆ ಬಂದು ನಿಂತರು.

"ರೀ, ಆ ಮೊಹರು ಎಲ್ಲಿಟ್ಟಿದ್ದೀರಿ?"

ಹೆಂಡತಿ ಬಾಯಿಬಿಟ್ಟ ಸಂತೋಷಕ್ಕೆ ವೃಷಭೇಂದ್ರಪ್ಪನವರು ತಟ್ಟನೆ ತಲೆಯೆತ್ತಿ, "ಬೀರುವಿನಲ್ಲಿದೆ ಕಣೇ. ಯಾಕೆ?" ಎಂದರು.

ದಾಕ್ಷಾಯಣಮ್ಮ ಅವರ ಬೋಳು ನೆತ್ತಿಯನ್ನೇ ಅಳೆಯುವಂತೆ ನೋಡಿದರು.

"ಸುತ್ತಿಗೆನೂ ತನ್ನಿ," ಎಂದರು.